ಇಪ್ಪತ್ತೊಂಬತ್ತನೇ ಊರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಬೆಳಗ್ಗೆ ಏಳಕ್ಕೆ ಸರಿಯಾಗಿ ನದಿಯ ಮಟ್ಟವನ್ನು ಪುಸ್ತಕದಲ್ಲಿ ಬರೆದು, ಏಳೂ ಐದಕ್ಕೆ ಕೇಂದ್ರ ಕಚೇರಿಗೆ ಫೋನ್ ಮಾಡಿ ತಿಳಿಸಬೇಕು. ಆ ಕಡೆಯ ಮಹಾಶಯ ಏಳೂ ಕಾಲಿನವರೆಗೆ ಫೋನ್ ಎತ್ತುವುದಿಲ್ಲ. ಎತ್ತಿದ ಮೇಲೆ "ಯಾಕಮ್ಮ ಲೇಟು?" ಎಂದು ನನ್ನನ್ನೇ ಕೇಳುತ್ತಾನೆ. ಒಂಬತ್ತು ವರ್ಷ ಇಂಥ ಕೆಲಸ ಮಾಡಿ ನೋಡಿ, ಆಮೇಲೆ ನಿಮ್ಮ ಸಿಟ್ಟು ಎಲ್ಲಿರುತ್ತದೆ ಹೇಳಿ.

ನದಿಯ ದಂಡೆಯಲ್ಲಿ ಪಂಪ್‌ಹೌಸ್, ಅದರ ಪಕ್ಕದಲ್ಲಿ ಒಂದೇ ಕಿಟಕಿಯ ನನ್ನ ಕೋಣೆ. ಕಿಟಕಿಯ ಕೆಳಗಿನಿಂದ ಎಪ್ಪತ್ತೆರಡು ಮೆಟ್ಟಿಲು ನೀರಿಗೆ ಇಳಿಯುತ್ತವೆ. ಕೊನೆಯ ಮೆಟ್ಟಿಲ ಬಳಿ ಕಂಬಕ್ಕೆ ಬಡಿದ ಅಳತೆಪಟ್ಟಿ ಇದೆ. ನನಗಿಂತ ಮೊದಲು ಇಪ್ಪತ್ತೆರಡು ವರ್ಷ ಈ ಕೆಲಸ ಅಪ್ಪನದಾಗಿತ್ತು. ಅಪ್ಪ ಕಾಗದದ ಮೇಲೆ ನಿವೃತ್ತನಾದನೇ ಹೊರತು ಕೆಲಸ ಬಿಡಲಿಲ್ಲ. ದಿನಾ ಮೆಟ್ಟಿಲು ಇಳಿದು, ಪಟ್ಟಿಯನ್ನು ನೋಡಿ, ಕೆಳಗಿನಿಂದಲೇ ಅಂಕಿಯನ್ನು ಕೂಗುತ್ತಾನೆ. ನಾನು ಮೇಲೆ ಕಿಟಕಿಯ ಬಳಿ ಕೂತು ಬರೆಯುತ್ತೇನೆ. "ನೀನು ಇಳಿಯೋದು ಬೇಡ. ನಿನಗೆ ಮೆಟ್ಟಿಲ ಮೇಲೂ ಅವಸರ, ಮಾತಲ್ಲೂ ಅವಸರ" ಎನ್ನುತ್ತಾನೆ. ನನಗೂ ಅದೇ ಬೇಕಿತ್ತು ಅನ್ನಿ. ಪಾಚಿಗಟ್ಟಿದ ಎಪ್ಪತ್ತೆರಡು ಮೆಟ್ಟಿಲನ್ನು ಯಾರು ಹತ್ತಿ ಇಳಿಯುತ್ತಾರೆ?

ಪಂಪ್‌ಹೌಸಿನಲ್ಲಿ ಮೂರು ಪಂಪುಗಳಿವೆ. ಮೂರೂ ನದಿಯ ನೀರು ಬಂದು ತುಂಬುವ ಒಂದೇ ಬಾವಿಯಿಂದ ನೀರೆಳೆಯುವಂಥವು. ಕೆಳಗಿನ ನಮ್ಮ ಪಟ್ಟಣಕ್ಕೆ ಹಗಲಿರುಳು ನೀರು ಕೊಡುವುದು ಮೊದಲನೆಯದು, ದೊಡ್ಡಣ್ಣ. ಎರಡನೆಯದು ನಡುವಿನವನು, ವರ್ಷಕ್ಕೆ ಎರಡು ತಿಂಗಳು ಓಡಿದರೆ ಹೆಚ್ಚು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಗುಡ್ಡದ ತುದಿಗೂ ನೀರೇರಿಸುವ ಶಕ್ತಿ ಅದಕ್ಕೊಂದಕ್ಕೇ ಇರುವುದು. ಕಟ್ಟಿದ ದಿನ ಬಿಟ್ಟರೆ ಮತ್ತೆ ಓಡಿಲ್ಲ. ಅದಕ್ಕೆ ನಾವಿಟ್ಟ ಹೆಸರು ಸೋಮಾರಿ. ಪಂಪು ನೋಡಿಕೊಳ್ಳುವ ಪಂಪಿನಣ್ಣ ಅದರ ಮೇಲೆ ತನ್ನ ಟವೆಲ್ ಒಣಗಿಸುತ್ತಾನೆ.

ಈ ಸೋಮಾರಿಯನ್ನು ಎಬ್ಬಿಸಬೇಕು ಎಂದು ಸರ್ಕಾರಕ್ಕೆ ಹೋದ ವರ್ಷ ಜ್ಞಾನೋದಯವಾಯಿತು. ಇಷ್ಟು ದೊಡ್ಡ ಯೋಜನೆ ಕಟ್ಟಿ ಮೂರರಲ್ಲಿ ಒಂದು ಪಾಲು ಮಾತ್ರ ಬಳಸುತ್ತಿದ್ದೇವೆ, ಇನ್ನು ಪೂರ್ತಿ ಬಳಸಬೇಕು, ಗುಡ್ಡದ ಮೇಲಿನ ಇಪ್ಪತ್ತೊಂಬತ್ತು ಊರುಗಳಿಗೆ ಇದೇ ನದಿಯ ನೀರು ಕೊಡಬೇಕು ಎಂದು ತೀರ್ಮಾನವಾಯಿತು. ಯೋಜನಾ ಕಚೇರಿಯಿಂದ ಒಬ್ಬ ಅಧಿಕಾರಿ ಹೆಂಗಸು ಬಂದಳು. ಕಂಕುಳಲ್ಲಿ ಯಾವಾಗಲೂ ಸುತ್ತಿದ ನಕ್ಷೆಗಳು ಇರುತ್ತಿದ್ದುದರಿಂದ ನಾವು ಅವಳನ್ನು ನಕ್ಷೆ ಮೇಡಂ ಎಂದೆವು. ಮೂರು ದಿನ ನನ್ನ ಕೋಣೆಯಲ್ಲಿ ಕೂತು ಒಂಬತ್ತು ವರ್ಷದ ನನ್ನ ಪುಸ್ತಕಗಳ ಒಂದೊಂದು ಪುಟವನ್ನೂ ತಿರುಗಿಸಿದಳು.

"ಬೇಸಿಗೆಯಲ್ಲಿ ಒಂದು ಮೀಟರ್ ಅರವತ್ತು ಇದ್ರೆ ಸಾಕು, ಮೂರನೇ ಪಂಪು ಓಡುತ್ತೆ" ಎಂದಳು. "ನಿಮ್ಮ ಪುಸ್ತಕದಲ್ಲಿ ಎಂಥ ಕೆಟ್ಟ ಬೇಸಿಗೆಯಲ್ಲೂ ಒಂದು ಎಪ್ಪತ್ತೆಂಟಕ್ಕಿಂತ ಕೆಳಗೆ ಇಳಿದೇ ಇಲ್ಲ. ಇಷ್ಟು ನೀರಿಟ್ಟುಕೊಂಡು ಸುಮ್ಮನೆ ಕೂತಿದ್ದೀವಲ್ಲ ನಾವು!"

ನಾನು ಉಬ್ಬಿಹೋದೆ. ಉಬ್ಬಲು ಕಾರಣ ಬರೀ ಹೊಗಳಿಕೆಯಲ್ಲ. ಆ ಊರುಗಳ ಪಟ್ಟಿಯ ಇಪ್ಪತ್ತೊಂಬತ್ತನೇ ಊರು ನನ್ನ ಅಕ್ಕನದು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು. ತಲೆ ಬಾಚಿದ್ದು, ಅಕ್ಷರ ತಿದ್ದಿಸಿದ್ದು, ಸುಳ್ಳು ಹೇಳಿದಾಗ ಬೆನ್ನಿಗೆ ಎರಡು ಬಿಟ್ಟಿದ್ದು ಎಲ್ಲ ಅವಳೇ. ಮದುವೆಯಾಗಿ ಗುಡ್ಡದ ಮೇಲಿನ ಊರಿಗೆ ಹೋದಳು. ಅಲ್ಲಿ ಐದು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಅದು ನಿಲ್ಲುವುದು ಕೆಳಗಿನ ರಸ್ತೆಯಲ್ಲಿ. ಅಲ್ಲಿಂದ ಏರುದಾರಿಯಲ್ಲಿ ಕ್ಯಾನ್ ಹೊತ್ತು ಹೊತ್ತು ಅಕ್ಕನ ಸೊಂಟ ಒಂದು ಕಡೆ ವಾಲಿದೆ. "ಇನ್ನು ಎರಡು ವರ್ಷ ಹೀಗೇ ಹೊತ್ತರೆ ನೀವು ಎದ್ದು ನಡೆಯೋದು ಕಷ್ಟ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಯೋಜನೆಯ ಸುದ್ದಿ ಕೇಳಿದ ದಿನದಿಂದ ದಿನಾ ಸಂಜೆ ಫೋನ್ ಮಾಡುತ್ತಿದ್ದಳು.

"ಏನಂದ್ಳೇ ನಿನ್ನ ನಕ್ಷೆ ಮೇಡಂ?"

"ಮುಂದಿನ ಸೋಮವಾರ ಸಹಿ ಅಂತೆ ಅಕ್ಕ."

"ಬೀದಿಗೆಲ್ಲ ಹೇಳಿಬಿಟ್ಟಿದ್ದೀನಿ ಕಣೇ. ನನ್ನ ತಂಗಿ ಬರೆದ ಪುಸ್ತಕ ನೋಡೇ ನೀರು ಕೊಡ್ತಿರೋದು ಅಂತ. ಈಗ ಸಾಲಲ್ಲಿ ನಿಂತರೆ ನನಗೆ ಮುಂದೆ ಜಾಗ ಬಿಡ್ತಾರೆ, ಗೊತ್ತಾ?"

ನಾವಿಬ್ಬರೂ ನಕ್ಕೆವು.

ಸಹಿಗೆ ನಾಲ್ಕು ದಿನ ಉಳಿದಿತ್ತು. ಬೆಳಗ್ಗೆ ಏಳುವಾಗ ಅಪ್ಪನ ಮಂಡಿ ಊದಿಕೊಂಡು ಕುಂಬಳಕಾಯಿಯಷ್ಟಾಗಿತ್ತು. ಕಾಲು ಕೆಳಗೂರಲು ಆಗಲಿಲ್ಲ. ಆದರೂ ಹೊರಟಿದ್ದ ಮಹರಾಯ! ಗದರಿ ಮಲಗಿಸಿ ಬಂದೆ. ಗೊಣಗುತ್ತಲೇ ಗೋಡೆ ಹಿಡಿದು ಎಪ್ಪತ್ತೆರಡು ಮೆಟ್ಟಿಲು ಇಳಿದೆ. ಪಟ್ಟಿ ಒಂದು ಮೂವತ್ತಮೂರು ತೋರಿಸುತ್ತಿತ್ತು. ಅದಕ್ಕೆ ನಲವತ್ತು ಸೇರಿಸಬೇಕು. ಯಾಕೆಂದರೆ ಒಂಬತ್ತು ವರ್ಷದ ಹಿಂದಿನ ಮಹಾಪೂರದಲ್ಲಿ ಹಳೆಯ ಪಟ್ಟಿ ಕೊಚ್ಚಿಹೋಗಿ, ಹೊಸದನ್ನು ಬಡಿಯುವಾಗ ನಲವತ್ತು ಸೆಂಟಿಮೀಟರ್ ಮೇಲೆ ಬಡಿದಿದ್ದರು. ಮತ್ತೆ ಕಿತ್ತು ಬಡಿಯುವ ಬದಲು, ಓದಿದ ಅಂಕಿಗೆ ನಲವತ್ತು ಸೇರಿಸಿ ಬರೆಯಿರಿ ಎಂದು ಆಗಿನ ಇಂಜಿನಿಯರು ಹೇಳಿ ಹೋಗಿದ್ದ. ನಾನು ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು ಅದು.

ಮೂವತ್ತಮೂರಕ್ಕೆ ನಲವತ್ತು ಸೇರಿದರೆ ಎಪ್ಪತ್ತಮೂರು. ಮೇಲೆ ಬಂದು ಒಂದು ಎಪ್ಪತ್ತಮೂರು ಎಂದು ಬರೆಯಲು ಪೆನ್ನು ತೆರೆದವಳು ನಿನ್ನೆಯ ಅಂಕಿಯನ್ನು ನೋಡಿ ಹೌಹಾರಿದೆ.

ನಿನ್ನೆ ಎರಡು ಹದಿನಾಲ್ಕು ಇತ್ತು. ರಾತ್ರಿ ಬೆಳಗಾಗುವುದರೊಳಗೆ ನದಿ ಮೊಳದುದ್ದ ಇಳಿದುಬಿಟ್ಟಿದೆಯೆ?

ನೇರ ಮೇಲಿನ ಅಣೆಕಟ್ಟೆಗೆ ಫೋನ್ ಮಾಡಿದೆ. ಗೇಟಿನವನು ಎತ್ತಿದ.

"ಹೇಳದೆ ಕೇಳದೆ ಗೇಟು ಮುಚ್ಚಿದ್ದೀರಲ್ಲ, ನಿಮಗೇನು ಬುದ್ಧಿ ಇದೆಯಾ ಇಲ್ವಾ?"

"ಗೇಟು ಮುಟ್ಟಿ ಇಪ್ಪತ್ತು ದಿನ ಆಯ್ತಮ್ಮ."

"ಮತ್ತೆ ನೀರೆಲ್ಲಿ ಹೋಯ್ತು? ನೀವು ಕುಡಿದ್ರಾ?"

"ನಾನು ಟೀ ಕುಡೀತಿದ್ದೆ. ನೀವು ಅದನ್ನೂ ಕುಡಿಯೋಕೆ ಬಿಡ್ತಿಲ್ಲ" ಎಂದು ಇಟ್ಟುಬಿಟ್ಟ.

ಪಂಪಿನಣ್ಣನನ್ನು ಕೇಳಿದೆ. "ನಲವತ್ತು ಇಳಿದಿದ್ರೆ ಪಂಪಿನ ದನಿಯೇ ಬೇರೆ ಆಗ್ತಿತ್ತು. ಕೇಳು, ನಿನ್ನೆ ಹೇಗಿತ್ತೋ ಹಾಗೇ ಇದೆ" ಎಂದ. ಹೌದು, ದೊಡ್ಡಣ್ಣ ಎಂದಿನಂತೆ ಗುಂಯ್‌ಗುಡುತ್ತಿದ್ದ. ಮತ್ತೆ ಮೆಟ್ಟಿಲು ಇಳಿದು ನೋಡಿದೆ. ಒಂದು ಮೂವತ್ತಮೂರೇ. ದಂಡೆಯ ಕೆಸರಿನಲ್ಲಿ ನೀರು ಹೊಸದಾಗಿ ಇಳಿದ ಗುರುತೇ ಇರಲಿಲ್ಲ. ಅಂಕಿಯನ್ನು ಬರೆಯದೆ, ಫೋನನ್ನೂ ಮಾಡದೆ, ಮನೆಗೆ ಓಡಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಏಳೂ ಐದು ಮೀರಿತ್ತು.

ಅಪ್ಪ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದ.

"ಅಪ್ಪಾ, ನಿನ್ನೆ ಎಷ್ಟು ಕೂಗಿದೆ?"

"ಒಂದು ಎಪ್ಪತ್ತನಾಲ್ಕು. ಯಾಕೆ?"

"ಪಟ್ಟಿ ಮೇಲೆ ಎಷ್ಟಿತ್ತು?"

"ಒಂದು ಮೂವತ್ತನಾಲ್ಕು. ನಲವತ್ತು ಸೇರಿಸಿ ಕೂಗಬೇಕಲ್ಲ. ಇಂಜಿನಿಯರು ಅವತ್ತೇ ಮೆಟ್ಟಿಲ ಹತ್ತಿರ ಬಂದು ಹೇಳಿದ್ನಲ್ಲ."

ಮಂಚದ ಅಂಚು ಹಿಡಿದು ನೆಲದ ಮೇಲೆ ಕೂತುಬಿಟ್ಟೆ. ಆ ಪುಣ್ಯಾತ್ಮ ಕೆಳಗೆ ಅಪ್ಪನಿಗೆ ಹೇಳಿದ್ದ, ಮೇಲೆ ಬಂದು ನನಗೂ ಹೇಳಿದ್ದ. ಅಪ್ಪ ಮನಸ್ಸಿನಲ್ಲೇ ನಲವತ್ತು ಸೇರಿಸಿ ಕೂಗಿದ. ನಾನು ಕೇಳಿದ್ದಕ್ಕೆ ಮನಸ್ಸಿನಲ್ಲೇ ಮತ್ತೆ ನಲವತ್ತು ಸೇರಿಸಿ ಬರೆದೆ. ಒಂಬತ್ತು ವರ್ಷ, ಒಂದು ದಿನವೂ ತಪ್ಪದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಇಲ್ಲದ ನೀರನ್ನು ನದಿಗೆ ತುಂಬಿದ್ದೆವು! ದೊಡ್ಡಣ್ಣನ ಬಾಯಿ ಬಾವಿಯ ತಳದಲ್ಲಿರುವುದರಿಂದ ಅವನಿಗೆ ಎಂದೂ ನೀರು ಸಾಲದೆ ಹೋಗಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

"ಅಪ್ಪಾ, ನಾನೂ ಸೇರಿಸ್ತಿದ್ದೆ" ಎಂದೆ.

ಅಪ್ಪನಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಮಂಡಿಯ ಮೇಲಿನ ಚೀಲ ಜಾರಿ ಬಿದ್ದರೂ ಎತ್ತಿಕೊಳ್ಳಲಿಲ್ಲ. "ನೀನು ಯಾಕೆ ಸೇರಿಸಿದೆ?" ಎಂದ. "ನೀನು ಯಾಕೆ ಹೇಳಲಿಲ್ಲ?" ಎಂದೆ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಬೇಸಿಗೆಯ ಒಂದು ಎಪ್ಪತ್ತೆಂಟು ನಿಜದಲ್ಲಿ ಒಂದು ಮೂವತ್ತೆಂಟು. ಸೋಮಾರಿಗೆ ಒಂದು ಅರವತ್ತು ಬೇಕು. ಆ ನೀರಲ್ಲಿ ಅವನನ್ನು ಓಡಿಸಿದರೆ ಗಾಳಿ ಎಳೆದು ಸುಟ್ಟುಹೋಗುತ್ತಾನೆ. ಅಷ್ಟರೊಳಗೆ ಬಾವಿಯನ್ನು ಬರಿದು ಮಾಡಿ, ದೊಡ್ಡಣ್ಣನನ್ನೂ ನಿಲ್ಲಿಸಿರುತ್ತಾನೆ. ಗುಡ್ಡಕ್ಕೂ ಇಲ್ಲ, ಪಟ್ಟಣಕ್ಕೂ ಇಲ್ಲ, ಪಟ್ಟಣದ ಆಸ್ಪತ್ರೆಗೂ ಇಲ್ಲ. ಇದು ನನಗೆ ಗೊತ್ತು, ಅಪ್ಪನಿಗೆ ಗೊತ್ತು. ಸಹಿ ಹಾಕುವವರಿಗೆ ಗೊತ್ತಿಲ್ಲ.

ಅವತ್ತು ಸಂಜೆ ಅಕ್ಕ ಮಾಡುವ ಮೊದಲೇ ನಾನು ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ.

"ಏನು ಮಾಡಲಿ ಅಕ್ಕ? ನೀನೇ ಹೇಳು."

"ಹೇಳಬೇಡ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸುಳ್ಳು ಹೇಳಿದ್ದಕ್ಕೆ ನನ್ನ ಬೆನ್ನಿಗೆ ಬಾರಿಸಿದವಳು ಇವಳೇನಾ?

"ಪೈಪ್ ಬರೋವರೆಗೆ ಸುಮ್ಮನಿರು" ಎಂದಳು. ದನಿ ಬಹಳ ಸಣ್ಣದಾಗಿತ್ತು. "ಒಂದು ಸಲ ನೆಲದೊಳಗೆ ಹೋದ ಪೈಪನ್ನ ಯಾರೂ ಕಿತ್ತುಕೊಂಡು ಹೋಗಲ್ಲ. ಆಮೇಲೆ ಹೇಳು. ಬೇಸಿಗೆ ಬಿಟ್ಟು ಉಳಿದ ಎಂಟು ತಿಂಗಳಾದ್ರೂ ನೀರು ಬರುತ್ತಲ್ಲೇ. ಎಂಟು ತಿಂಗಳು ನಾನು ಹೊರೋದು ತಪ್ಪುತ್ತೆ."

"ಗೊತ್ತಾಗದೆ ಬೇಸಿಗೆಯಲ್ಲೂ ಓಡಿಸಿದ್ರೆ?"

"ನೀನು ಅಲ್ಲೇ ಇರ್ತೀಯಲ್ಲ, ನಿಲ್ಲಿಸು. ನಾನು ನಿನ್ನ ಹತ್ತಿರ ಯಾವತ್ತಾದ್ರೂ ಏನಾದ್ರೂ ಕೇಳಿದ್ದೀನಾ?"

ಕೇಳಿರಲಿಲ್ಲ. ಒಂದು ದಿನವೂ ಏನನ್ನೂ ಕೇಳಿದವಳಲ್ಲ. ನಾಳೆ ಮಾತಾಡುತ್ತೇನೆ ಎಂದು ಇಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಬೆಳಗಾಗುತ್ತಲೇ ಬಸ್ಸು ಹತ್ತಿ ನಕ್ಷೆ ಮೇಡಂ ಕಚೇರಿಗೆ ಹೋದೆ. ಧೈರ್ಯ ಬಂದಿತ್ತು ಎಂದು ತಿಳಿಯಬೇಡಿ. ಪಟ್ಟಣದ ಆಸ್ಪತ್ರೆಯಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬರುವುದು ಕಣ್ಣೆದುರು ಬರುತ್ತಿತ್ತು, ಅಷ್ಟೇ. ಬಾಗಿಲಲ್ಲೇ ನಿಂತು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದ ನಕ್ಷೆಯನ್ನು ಮೇಜಿನ ಮೇಲಿಟ್ಟಳು.

"ಎರಡು ಸಲ?"

"ಎರಡು ಸಲ ಮೇಡಂ. ಅಪ್ಪ ಒಂದು ಸಲ, ನಾನು ಒಂದು ಸಲ."

ಕುರ್ಚಿಯಿಂದ ಎದ್ದು ಕಪಾಟು ತೆಗೆದಳು. ಕೆಳಗಿನ ಅರೆಯಲ್ಲಿ ದಾರ ಕಟ್ಟಿದ ಒಂದು ಕಟ್ಟು ಇತ್ತು. ಅದು ನನಗೆ ಗುರುತಿಲ್ಲದೇ ಇರುತ್ತದೆಯೆ? ಅಪ್ಪನ ಇಪ್ಪತ್ತೆರಡು ವರ್ಷದ ಪುಸ್ತಕಗಳು. ಮೇಲೆ ಒಂದು ಚೀಟಿ ಅಂಟಿಸಿತ್ತು: "ನಂಬಲರ್ಹವಲ್ಲ. ಬಳಸಬಾರದು."

ನನಗೆ ಮೈ ಉರಿದುಹೋಯಿತು. "ಇದೇನು ಮೇಡಂ?"

ಅವಳು ತಲೆ ಎತ್ತಲಿಲ್ಲ. "ನಿಮ್ಮ ತಂದೆಯ ಅಂಕಿಗಳೂ ನಿಮ್ಮ ಅಂಕಿಗಳೂ ಒಂದಕ್ಕೊಂದು ಹೊಂದ್ತಾ ಇರಲಿಲ್ಲ. ನಡುವೆ ನಲವತ್ತು ಸೆಂಟಿಮೀಟರ್ ವ್ಯತ್ಯಾಸ. ಎರಡರಲ್ಲಿ ಒಂದನ್ನ ನಂಬಬೇಕಿತ್ತು. ಅವರ ಪುಸ್ತಕದ ತುಂಬಾ ಶಾಯಿ ಕಲೆ, ಹೊಡೆದುಹಾಕಿದ್ದು, ತಿದ್ದಿದ್ದು. ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ನಾವು ನಿಮ್ಮದನ್ನ ತಗೊಂಡ್ವಿ."

ದೇವರೇ! ಸರಿಯಾದ ಇಪ್ಪತ್ತೆರಡು ವರ್ಷವನ್ನು ಕಲೆಯಾಗಿದೆ ಎಂದು ಕಟ್ಟಿಟ್ಟು, ತಪ್ಪಾದ ಒಂಬತ್ತು ವರ್ಷವನ್ನು ಅಂದವಾಗಿದೆ ಎಂದು ಎದೆಗೊತ್ತಿಕೊಂಡಿದ್ದರು. ಆ ಅಂದದ ಅಕ್ಷರ ಕಲಿಸಿದವಳು ಅಕ್ಕ.

ಮೇಡಂ ಒಳ್ಳೆಯವಳು. ನನ್ನನ್ನು ಬೈಯಲಿಲ್ಲ, ಮುಚ್ಚಿಡೋಣ ಎನ್ನಲಿಲ್ಲ. ನನ್ನೆದುರೇ ಮಧ್ಯಾಹ್ನದವರೆಗೆ ಎಲ್ಲ ಅಂಕಿಗಳಿಂದ ನಲವತ್ತು ಕಳೆದು ಮತ್ತೆ ಲೆಕ್ಕ ಹಾಕಿದಳು. ಕೊನೆಗೆ ಊರುಗಳ ಪಟ್ಟಿಯನ್ನು ಎಳೆದುಕೊಂಡು, ಇಪ್ಪತ್ತನೇ ಊರಿನ ಕೆಳಗೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿದಳು.

"ಎರಡನೇ ಪಂಪು ಧಾರಾಳವಾಗಿ ಓಡುತ್ತೆ. ಇಪ್ಪತ್ತು ಊರಿಗೆ ವರ್ಷಪೂರ್ತಿ ಕೊಡಬಹುದು. ಇವತ್ತಿಗಿಂತ ಎಷ್ಟೋ ಮೇಲು."

"ಇಪ್ಪತ್ತೊಂಬತ್ತನೇದನ್ನ ಮೇಲೆ ತರೋಕೆ ಆಗಲ್ವಾ ಮೇಡಂ?"

ನಾಚಿಕೆ ಬಿಟ್ಟು ಕೇಳಿದೆ. ಒಂಬತ್ತು ಊರಿನ ನೀರು ಹೋಗುತ್ತಿರುವಾಗ ಒಂದೇ ಊರಿಗಾಗಿ ಕೇಳಿದೆ.

"ಅದು ತುದೀಲಿದೆ. ಎರಡನೇ ಪಂಪಿಗೆ ಅಷ್ಟು ಮೇಲೆ ಏರಿಸೋ ಶಕ್ತಿ ಇಲ್ಲಮ್ಮ. ಬೇಸಿಗೆಯಲ್ಲಿ ನಿಲ್ಲೋ ಮೂರನೇ ಪಂಪನ್ನ ನಂಬಿ ಅಷ್ಟುದ್ದ ಪೈಪ್ ಹಾಕೋಕೆ ಸರ್ಕಾರ ದುಡ್ಡು ಕೊಡಲ್ಲ. ಯಾಕೆ, ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ" ಎಂದೆ. ಅವತ್ತು ನಾನು ಹೇಳಿದ ಸುಳ್ಳು ಅದೊಂದೇ.

ಸೋಮವಾರ ತಿದ್ದಿದ ಪಟ್ಟಿಗೆ ಸಹಿಯಾಯಿತು. ಅಪ್ಪನ ಪುಸ್ತಕಗಳಿಗೆ ಅಂಟಿಸಿದ್ದ ಚೀಟಿಯನ್ನು ಕಿತ್ತು, ಇನ್ನು ಮುಂದೆ ಎಲ್ಲ ಲೆಕ್ಕಕ್ಕೂ ಇವೇ ಆಧಾರ ಎಂದು ಮೇಡಂ ಅಪ್ಪನಿಗೆ ಪತ್ರ ಬರೆದಳು. ಅಪ್ಪನ ಮಂಡಿ ನೋವು ಅರ್ಧ ಅದರಲ್ಲೇ ಇಳಿಯಿತು! ಪತ್ರವನ್ನು ಜೇಬಲ್ಲಿಟ್ಟುಕೊಂಡು, ಬಂದವರಿಗೆಲ್ಲ ಓದಿ ಹೇಳತೊಡಗಿದ. ಪಂಪಿನಣ್ಣನಿಗೆ ಮೂರು ಸಲ ಓದಿದ. "ಅಕ್ಕನ ಊರು ಹೋಯಿತಲ್ಲಪ್ಪಾ" ಎಂದರೆ, "ಅದಕ್ಕೆ ನಾನೇನು ಮಾಡಲಿ, ನದಿಯಲ್ಲಿ ನೀರಿಲ್ಲ" ಎಂದು ಕನ್ನಡಕ ಒರೆಸಿಕೊಂಡ. ಅವನ ಮೇಲೆ ಬಂದ ಸಿಟ್ಟನ್ನು ನಾನು ಎರಡು ದಿನ ಅಡುಗೆಮನೆಯ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಅಕ್ಕ ಫೋನ್ ಎತ್ತಲಿಲ್ಲ. ಒಂದು ದಿನ, ಎರಡು ದಿನ, ಆರು ದಿನ. ಏಳನೇ ದಿನ ಗುಡ್ಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದೆ. ಬೈದರೆ ಬೈಸಿಕೊಳ್ಳಬೇಕು, ಅತ್ತರೆ ತಬ್ಬಿಕೊಳ್ಳಬೇಕು, ಮಾತಾಡದಿದ್ದರೆ ಮಾತಾಡುವವರೆಗೆ ಅಲ್ಲೇ ಕೂರಬೇಕು ಎಂದೆಲ್ಲ. ಬಸ್‌ಸ್ಟಾಪಿನ ಪಕ್ಕದ ಬೋರ್ಡಿನಲ್ಲಿ ಹೊಸ ಪಟ್ಟಿ ಅಂಟಿಸಿದ್ದರು. "ನದಿ ಮಟ್ಟದ ದಾಖಲೆಯಲ್ಲಿ ತಪ್ಪು ಕಂಡುಬಂದ ಕಾರಣ" ಎಂಬ ಸಾಲಿನ ಕೆಳಗೆ ಯಾರೋ ಉಗುರಿನಿಂದ ಗೀರಿ ಕಾಗದವನ್ನೇ ಹರಿದಿದ್ದರು.

ಅಕ್ಕ ಬಾಗಿಲು ತೆಗೆದಳು. ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಗೋಡೆಯ ಪಕ್ಕ ಖಾಲಿ ಕ್ಯಾನುಗಳು ಇದ್ದವು.

"ನಾನು ಹೇಳಲೇಬೇಕಿತ್ತು ಅಕ್ಕ" ಎಂದೆ.

"ಹೌದು, ಹೇಳಲೇಬೇಕಿತ್ತು."

ನನಗೆ ಹೋದ ಜೀವ ಬಂದಂತಾಯಿತು. ಅವಳ ಮಾತು ಮುಗಿದಿರಲಿಲ್ಲ.

"ಮತ್ತೆ ನನ್ನ ಯಾಕೆ ಕೇಳಿದೆ?"

"ಅಕ್ಕ…"

"ಹೇಳೋದು ಅಂತ ನಿನಗೆ ಗೊತ್ತಿತ್ತು. ಸೀದಾ ಹೋಗಿ ಹೇಳಿದ್ರೆ ನಾನು ಎರಡು ದಿನ ಅತ್ತು ಸುಮ್ಮನಾಗ್ತಿದ್ದೆ. ನೀನು ಫೋನ್ ಮಾಡಿ ಕೇಳಿದೆ. ಈ ಬಾಯಿಂದ ಸುಳ್ಳು ಹೇಳು ಅನ್ನಿಸಿದೆ. ಅನ್ನಿಸಿಕೊಂಡು, ಮಾರನೇ ದಿನ ನೀನು ಸತ್ಯವಂತೆ ಆದೆ. ನೀರು ಹೋದ್ರೆ ಹೋಗ್ಲಿ ಕಣೇ, ಹೊತ್ತು ಅಭ್ಯಾಸ ಇದೆ. ನಾನು ಅಂಥವಳು ಅಂತ ನನಗೆ ಗೊತ್ತೇ ಇರಲಿಲ್ಲ."

ಕಪಾಳಕ್ಕೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಕೆಳಗಿನ ರಸ್ತೆಯಿಂದ ಟ್ಯಾಂಕರಿನ ಹಾರ್ನ್ ಕೇಳಿಸಿತು. ಅಕ್ಕ ಎದ್ದು ಎರಡು ಕ್ಯಾನು ಎತ್ತಿಕೊಂಡಳು. ನಾನು ಒಂದಕ್ಕೆ ಕೈ ಹಾಕಿದೆ.

"ಬೇಡ. ನೀನು ಒಳಗೇ ಇರು. ಕಿಟಕಿ ಹತ್ತಿರಾನೂ ಬರಬೇಡ" ಎಂದವಳು ಹೊರಗಿನಿಂದ ಚಿಲಕ ಹಾಕಿಕೊಂಡು ಹೋದಳು.

ನಾನು ಕತ್ತಲೆ ಕೋಣೆಯಲ್ಲಿ ಕಳ್ಳಿಯ ಹಾಗೆ ನಿಂತೆ. ಮನೆ ರಸ್ತೆಯ ನೇರ ಮೇಲಿದ್ದುದರಿಂದ ಸಾಲಿನಲ್ಲಿ ನಿಂತವರ ಒಂದೊಂದು ಮಾತೂ ಕೇಳಿಸುತ್ತಿತ್ತು. ಒಂದು ಗಂಡು ದನಿ ಹೇಳಿತು: "ಹಿಂದಕ್ಕೆ ಹೋಗಮ್ಮ, ಕೊನೇಲಿ ನಿಲ್ಲು. ನಿನ್ನ ತಂಗಿ ಮಾಡಿದ ಘನಕಾರ್ಯಕ್ಕೆ ಕೊನೇಲಿ ಜಾಗ ಕೊಡೋದೇ ಹೆಚ್ಚು." ಯಾರೋ ನಕ್ಕರು. ಇನ್ನೊಂದು ಹೆಣ್ಣು ದನಿ ನನ್ನ ಬಗ್ಗೆ ಆಡಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಬಾಗಿಲು ಒಡೆದು ಹೋಗಿ ಅವಳ ಜುಟ್ಟು ಹಿಡಿಯಬೇಕು ಎನ್ನಿಸಿತು.

ಆಗ ಅಕ್ಕನ ದನಿ ಎದ್ದಿತು. ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಯಾವ ತಂಗಿ? ನನಗೆ ತಂಗಿ ಇಲ್ಲ. ಇದ್ದವಳು ಸತ್ತಳು ಅಂತ ತಿಳ್ಕೊಳ್ಳಿ. ಅವಳಿಂದ ನಿಮಗೆಷ್ಟು ಹೋಗಿದೆಯೋ ನನಗೂ ಅಷ್ಟೇ ಹೋಗಿದೆ. ನಾನೀಗ ನಿಮ್ಮಲ್ಲಿ ಒಬ್ಬಳು. ಸರಿಯಮ್ಮ ಈ ಕಡೆ, ಕ್ಯಾನ್ ಇಡೋಕೆ ಜಾಗ ಬಿಡು."

ಆಮೇಲೆ ಕ್ಯಾನಿಗೆ ನೀರು ಬೀಳುವ ಸದ್ದು ಕೇಳಿತು.

ಬಹಳ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದಾಯಿತು. ಅಕ್ಕ ಒಂದೊಂದಾಗಿ ಎರಡು ಕ್ಯಾನನ್ನೂ ಒಳಗಿಟ್ಟು, ಗೋಡೆ ಹಿಡಿದು ಉಸಿರು ತೆಗೆದುಕೊಂಡಳು. ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಲೋಟ ತೊಳೆಯದೆ, ಸೆರಗಿನಿಂದ ಒರೆಸಿ, ತುಂಬಿಸಿ ನನ್ನ ಕೈಗಿಟ್ಟಳು.

"ಕುಡಿ."

ಕುಡಿದೆ. ಸ್ವಲ್ಪ ಚೆಲ್ಲಿತು. ಚೆಲ್ಲಿದ್ದನ್ನು ಅವಳು ನೋಡಿದಳು.

"ಅಕ್ಕ, ಹೊರಗೆ ಹೇಳಿದೆಯಲ್ಲ… ಅದು ನಿಜವಾಗಿ ಹೇಳಿದ್ದಾ?"

ಅವಳು ಕ್ಯಾನಿನ ಮುಚ್ಚಳವನ್ನು ಬಿಗಿ ಮಾಡಿದಳು.

"ಎರಡು ಕ್ಯಾನ್ ಸಿಕ್ಕಿತಲ್ಲ" ಎಂದಳು. "ಮುಂದಿನ ಸಲ ಬರೋದಾದ್ರೆ ಟ್ಯಾಂಕರ್ ಬರದೇ ಇರೋ ದಿನ ನೋಡ್ಕೊಂಡು ಬಾ."